ಲೈವ್ ಕಾರ್ಯಕ್ರಮಗಳ ಕಂಪನಿಗಳು ವಿಲೀನವಾದಾಗ ಏನನ್ನು ಪರಿಶೀಲಿಸಬೇಕು?

ಲೈವ್ ಮನರಂಜನೆಯ ಎರಡು ಕಂಪನಿಗಳು ವಿಲೀನವಾಗುವ ಸುದ್ದಿ ಬಂದರೆ, ಕಲಾವಿದರ ನಿರ್ವಹಣೆ, ಕಾರ್ಯಕ್ರಮ ಆಯೋಜನೆ, ಸಭಾಂಗಣಗಳ ಒಡೆತನ, ಟಿಕೆಟ್ ಮಾರಾಟ ಇವುಗಳಲ್ಲಿ ಯಾವುದು ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ. ಇಬ್ಬರೂ ಒಂದೇ ವ್ಯವಹಾರದವರಾಗಿದ್ದರೆ ಮಾರುಕಟ್ಟೆಯ ಪಾಲು ಕೂಡಿಸಿದರೆ ಬಹುಮಟ್ಟಿಗೆ ಚಿತ್ರ ಸಿಗುತ್ತದೆ. ಬೇರೆ ಬೇರೆ ವ್ಯವಹಾರದವರಾಗಿದ್ದರೆ ಆ ಲೆಕ್ಕ ಸಾಲದು. ಒಂದರಲ್ಲಿರುವ ಬಲದಿಂದ ಇನ್ನೊಂದರಲ್ಲಿ ಯಾರನ್ನು ಮಣಿಸಬಹುದು ಎಂದು ಕೇಳಬೇಕು.

ಅಮೆರಿಕದಲ್ಲಿ ಸಂಗೀತ ಕಾರ್ಯಕ್ರಮ ಆಯೋಜಿಸುವ ಲೈವ್ ನೇಷನ್ ಮತ್ತು ಟಿಕೆಟ್ ಮಾರುವ ಟಿಕೆಟ್‌ಮಾಸ್ಟರ್ ಕಂಪನಿಗಳ ಪ್ರಕರಣ ಇದಕ್ಕೆ ಒಳ್ಳೆಯ ಪಾಠ. 2009ರ ಫೆಬ್ರವರಿಯಲ್ಲಿ ವಿಲೀನ ಘೋಷಣೆಯಾದಾಗ ಲೈವ್ ನೇಷನ್ ತನ್ನದೇ ಟಿಕೆಟ್ ವ್ಯವಸ್ಥೆಯನ್ನು ಆಗಷ್ಟೇ ಆರಂಭಿಸಿತ್ತು. ಆದ್ದರಿಂದ ಈಗಿನ ಪಾಲನ್ನು ಮಾತ್ರವಲ್ಲ, ಬೆಳೆಯಬಹುದಾಗಿದ್ದ ಪ್ರತಿಸ್ಪರ್ಧಿ ಇಲ್ಲವಾಗುತ್ತಿದ್ದಾನೆಯೇ ಎಂಬುದನ್ನೂ ನೋಡಬೇಕು.

ವಿಲೀನಕ್ಕೆ ಸರ್ಕಾರದ ಅನುಮತಿ ಸಿಕ್ಕಿದರೆ ಅದರ ಷರತ್ತುಗಳನ್ನು ಓದಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಭಾಗ ಇದೇ. 2010ರ ಜನವರಿಯಲ್ಲಿ ಅಮೆರಿಕದ ನ್ಯಾಯ ಇಲಾಖೆ ಈ ವಿಲೀನಕ್ಕೆ ಒಪ್ಪಿಗೆ ಕೊಟ್ಟಾಗ ಪ್ಯಾಸಿಯೋಲನ್ ಎಂಬ ಟಿಕೆಟ್ ಘಟಕವನ್ನು ಮಾರಬೇಕು, ಪ್ರತಿಸ್ಪರ್ಧಿ ಆಯೋಜಕ ಕಂಪನಿ ಎಇಜಿಗೆ ಟಿಕೆಟ್ ತಂತ್ರಾಂಶದ ಪರವಾನಗಿ ಕೊಡಬೇಕು, ಬೇರೆ ಟಿಕೆಟ್ ಕಂಪನಿಯನ್ನು ಆರಿಸಿಕೊಂಡ ಸಭಾಂಗಣದ ಮೇಲೆ ಸೇಡು ತೀರಿಸಿಕೊಳ್ಳಬಾರದು ಎಂಬ ಷರತ್ತುಗಳಿದ್ದವು. ಘಟಕ ಮಾರಾಟವಾಯಿತೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುತ್ತದೆ. ಆದರೆ ದೊಡ್ಡ ಕಲಾವಿದರ ಪ್ರವಾಸ ಒಂದು ಸಭಾಂಗಣವನ್ನು ಬಿಟ್ಟು ಹೋದರೆ ಅದು ಸೇಡೋ, ದಿನಾಂಕ ಹೊಂದದ ಕಾರಣವೋ ಎಂದು ಸಾಬೀತುಪಡಿಸುವುದು ಕಷ್ಟ. ಬೆದರಿಕೆಯನ್ನು ಯಾರೂ ಕಾಗದದಲ್ಲಿ ಬರೆದುಕೊಡುವುದಿಲ್ಲ. ಹಾಗಾಗಿ ನಡವಳಿಕೆಯ ಷರತ್ತು, ಅಂದರೆ ಕಂಪನಿ ಹೇಗೆ ವರ್ತಿಸಬೇಕು ಎಂಬ ಷರತ್ತು, ಕಂಡಲ್ಲೆಲ್ಲ ಅದನ್ನು ಯಾರು ಗಮನಿಸುತ್ತಾರೆ, ಎಷ್ಟು ವರ್ಷ ಎಂದು ಗುರುತು ಹಾಕಿಕೊಳ್ಳಿ. ಇಲ್ಲಿನ ಅವಧಿ ಹತ್ತು ವರ್ಷವಾಗಿತ್ತು. ಷರತ್ತು ಮುರಿಯಲಾಗಿದೆ ಎಂದು ಇಲಾಖೆ 2019ರ ಕೊನೆಯಲ್ಲಿ ಆರೋಪಿಸಿದ ಮೇಲೆ ಅದನ್ನು 2025ರವರೆಗೆ ವಿಸ್ತರಿಸಲಾಯಿತು. 2024ರ ಮೇ ತಿಂಗಳಲ್ಲಂತೂ ಇಲಾಖೆ ಮತ್ತು ಹಲವು ರಾಜ್ಯಗಳು ಕಂಪನಿಯನ್ನೇ ವಿಭಜಿಸುವಂತೆ ನ್ಯಾಯಾಲಯದ ಮೊರೆ ಹೋದವು.

ಇಂಥ ದಾವೆಯ ಅಂಕಿಗಳನ್ನು ಆರೋಪವೆಂದೇ ಓದಿ. ಉತ್ತರ ಅಮೆರಿಕದಲ್ಲಿ 265ಕ್ಕೂ ಹೆಚ್ಚು ಸಭಾಂಗಣಗಳು ಲೈವ್ ನೇಷನ್ ಹಿಡಿತದಲ್ಲಿವೆ, ದೊಡ್ಡ ಸಭಾಂಗಣಗಳ ಸಂಗೀತ ಟಿಕೆಟ್‌ಗಳಲ್ಲಿ ಸುಮಾರು 80 ಪ್ರತಿಶತ ಟಿಕೆಟ್‌ಮಾಸ್ಟರ್‌ನದು ಎನ್ನುವುದು 2024ರ ದಾವೆಯಲ್ಲಿ ಸರ್ಕಾರದ ವಾದವಾಗಿತ್ತು. ಟಿಕೆಟ್ ಬೆಲೆಯ ಮೇಲೆ ಸೇರಿಸುವ ಸೇವಾ ಶುಲ್ಕದ ಹೆಚ್ಚಿನ ಪಾಲು ಸಭಾಂಗಣಗಳಿಗೇ ಹೋಗುತ್ತದೆ ಎನ್ನುವುದು ಕಂಪನಿಯ ಉತ್ತರ. ಆ ಉತ್ತರವನ್ನು ತೂಗಿ ನೋಡಲು ಸಭಾಂಗಣದ ಟಿಕೆಟ್ ಒಪ್ಪಂದ ಒಂದೇ ಟಿಕೆಟ್ ಕಂಪನಿಗೆ ಎಷ್ಟು ವರ್ಷಗಳ ಮಾರಾಟದ ಹಕ್ಕು ಕೊಡುತ್ತದೆ, ಅದಕ್ಕಾಗಿ ಆ ಕಂಪನಿ ಸಭಾಂಗಣಕ್ಕೆ ಕೊಡುವ ಮುಂಗಡ ಹಣ ಎಷ್ಟು, ಆ ಸಭಾಂಗಣದ ಒಡೆಯರು ಯಾರು ಎಂಬ ಮೂರನ್ನೂ ಒಟ್ಟಿಗೆ ನೋಡಬೇಕು.