ಒಂದು ಬನ್ನು, ಮೂರು ಸಾಸೇಜು: ನ್ಯೂರೆಂಬರ್ಗಿನ ಬೀದಿ ತಿಂಡಿ ಮೈಸೂರಿನ ಅಡುಗೆಮನೆಯಲ್ಲಿ

ಜರ್ಮನಿಯ ನ್ಯೂರೆಂಬರ್ಗಿನಲ್ಲಿ ‘ಡ್ರೈ ಇಮ್ ವೆಗ್ಲಾ’ ಅಂದರೆ ಬನ್ನಿನೊಳಗೆ ಮೂರು ಸಾಸೇಜು. ಒಂದೊಂದೂ ಬೆರಳುದ್ದ, 7ರಿಂದ 9 ಸೆಂಟಿಮೀಟರ್. ತೂಕ 20–25 ಗ್ರಾಂ. ಜೊತೆಗೆ ರುಬ್ಬಿದ ಸಾಸಿವೆ, ಅಷ್ಟೇ. ನಮ್ಮ ಬೇಕರಿ ಬನ್ನು ಇದಕ್ಕೆ ಒಗ್ಗುವುದಿಲ್ಲ. ಅದು ಸಿಹಿ, ಮೆತ್ತಗೆ. ಜಿಡ್ಡು ತಾಗಿದೊಡನೆ ಮುದ್ದೆಯಾಗುತ್ತದೆ. ಸಿಪ್ಪೆ ಗರಿಗರಿಯಾದ ಬನ್ನೇ ಬೇಕು.

ಹತ್ತು ಬನ್ನಿಗೆ ಮೈದಾ 500 ಗ್ರಾಂ, ನೀರು 290 ಮಿ.ಲೀ., ಉಪ್ಪು 10 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಸಕ್ಕರೆ ಒಂದು ಚಮಚ, ಬೆಣ್ಣೆ 10 ಗ್ರಾಂ. ಹತ್ತು ನಿಮಿಷ ಚೆನ್ನಾಗಿ ನಾದಿ. ಏಪ್ರಿಲ್ ಬಿಸಿಲಲ್ಲಿ ಮಡಕೆಯ ತಣ್ಣೀರನ್ನೇ ಹಾಕಿ, ಇಲ್ಲದಿದ್ದರೆ ಹಿಟ್ಟು ಬೇಗ ಉಬ್ಬಿ ಹುಳಿ ವಾಸನೆ ಹಿಡಿಯುತ್ತದೆ. ಆ ಬಿಸಿಲಲ್ಲಿ ಉಬ್ಬಲು 45 ನಿಮಿಷ ಸಾಕು. ಡಿಸೆಂಬರಿನಲ್ಲಿ ಒಂದೂವರೆ ಗಂಟೆ ಬೇಕಾದೀತು. ಗಡಿಯಾರ ನೋಡಬೇಡಿ, ಹಿಟ್ಟು ಎರಡರಷ್ಟಾಗಿದೆಯೇ ನೋಡಿ. 80 ಗ್ರಾಮಿನ ಉಂಡೆಗಳಾಗಿ ಮಾಡಿ, ಹತ್ತು ನಿಮಿಷ ಬಿಟ್ಟು ಉದ್ದಕ್ಕೆ ಹೊಸೆದು, ಇನ್ನು ಅರ್ಧ ಗಂಟೆ ಮುಚ್ಚಿಡಿ.

ಗರಿಗರಿಯ ಗುಟ್ಟು ಹಬೆಯಲ್ಲಿದೆ. ಓವನ್ನಿನ ಕೆಳತಟ್ಟಿನಲ್ಲಿ ಕಬ್ಬಿಣದ ಬಾಣಲೆ ಇಟ್ಟು 230 ಡಿಗ್ರಿಗೆ ಇಪ್ಪತ್ತು ನಿಮಿಷ ಕಾಯಿಸಿ. ಬನ್ನಿನ ನೆತ್ತಿಯ ಮೇಲೆ ಬ್ಲೇಡಿನಿಂದ ಒಂದು ಸೆಂಟಿಮೀಟರ್ ಆಳ ಸೀಳಿ ಒಳಗಿಡಿ, ಬಾಣಲೆಗೆ ಅರ್ಧ ಲೋಟ ಕುದಿನೀರು ಸುರಿದು ಬಾಗಿಲು ಹಾಕಿ. ನೀರು ಗಾಜಿಗೆ ಸಿಡಿದರೆ ಗಾಜು ಒಡೆಯಬಹುದು, ಜೋಪಾನ. ಹಬೆ ಇದ್ದಷ್ಟು ಹೊತ್ತು ಮೇಲ್ಪದರ ಹಸಿಯಾಗಿದ್ದು ಬನ್ನು ಬಿರಿದು ಮೇಲೇಳುತ್ತದೆ. ಹತ್ತು ನಿಮಿಷದ ಮೇಲೆ ಬಾಗಿಲು ತೆರೆದು ಹಬೆ ಬಿಡಿ, ಮತ್ತೆ ಎಂಟು-ಹತ್ತು ನಿಮಿಷ ಬೇಯಿಸಿ. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು.

ಸಾಸೇಜಿಗೆ ಕಾಲುಭಾಗ ಕೊಬ್ಬಿರುವ ಹಂದಿಯ ಭುಜದ ಖೀಮಾ 750 ಗ್ರಾಂ, ಉಪ್ಪು 13 ಗ್ರಾಂ, ಮೆಣಸಿನಪುಡಿಯಲ್ಲ, ಕಾಳುಮೆಣಸು 2 ಗ್ರಾಂ, ಒಂದಿಷ್ಟು ತುರಿದ ಜಾಯಿಕಾಯಿ. ಮುಖ್ಯವಾದದ್ದು ಮಾರ್ಜೊರಮ್, ಅಂದರೆ ನಮ್ಮ ಮರುಗ! ಹೂಮಾಲೆಗೆ ಕಟ್ಟುವ ಅದೇ ಸೊಪ್ಪು, ಸಣ್ಣಗೆ ಹೆಚ್ಚಿ ಒಂದು ದೊಡ್ಡ ಚಮಚ. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನದ್ದು ತಿನ್ನಲೆಂದು ಬೆಳೆದದ್ದಲ್ಲ, ಔಷಧಿ ಹೊಡೆದಿರಬಹುದು. ಮನೆಯ ಕುಂಡದ್ದೇ ಲೇಸು.

ಮಾಂಸ ಫ್ರಿಜ್ಜಿನಷ್ಟೇ ತಣ್ಣಗಿರಲಿ. 60 ಮಿ.ಲೀ. ಐಸ್‌ನೀರು ಸೇರಿಸಿ ಅಂಟಂಟಾಗುವವರೆಗೆ ಕಲೆಸಿ. ಅಂಗೈಗೆ ಮೆತ್ತಿ ಬೋರಲು ಹಿಡಿದರೂ ಬೀಳಬಾರದು. ಬೆಚ್ಚಗಾದರೆ ಕೊಬ್ಬು ಕರಗಿ ಬೇರೆಯಾಗಿ, ಕಾವಲಿಯ ಮೇಲೆ ಎಣ್ಣೆಯೆಲ್ಲ ಹೊರಬಂದು ಸಾಸೇಜು ಪುಡಿಪುಡಿಯಾಗುತ್ತದೆ. ನ್ಯೂರೆಂಬರ್ಗಿನಲ್ಲಿ ಇದನ್ನು ಕುರಿಕರುಳಿಗೆ ತುಂಬುತ್ತಾರೆ. ಮನೆಯಲ್ಲಿ 25 ಗ್ರಾಮಿನಂತೆ ಬೆರಳಾಕಾರಕ್ಕೆ ಹೊಸೆದು, ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು, ಹದ ಉರಿಯಲ್ಲಿ ಹೊರಳಿಸುತ್ತ ಹತ್ತು ನಿಮಿಷ ಬೇಯಿಸಿ. ನಡುವೆ ಕೆಂಪು ಉಳಿಯಬಾರದು.

ಹಂದಿ ತಿನ್ನದವರು ಬನ್ನೂರು ಕುರಿಯ ಮಾಂಸದಲ್ಲಿ ಮಾಡಬಹುದು. ಆದರೆ ಕುರಿಕೊಬ್ಬು ಬೇಗ ಹೆಪ್ಪುಗಟ್ಟಿ ಬಾಯಿಗೆ ಮೇಣದಂತೆ ಅಂಟುತ್ತದೆ, ಬಿಸಿಬಿಸಿಯಾಗಿಯೇ ತಿನ್ನಿ.

ಸಾಸಿವೆಯನ್ನು ಎರಡು ದಿನ ಮೊದಲೇ ಮಾಡಿಡಿ: 50 ಗ್ರಾಂ ಕಾಳನ್ನು 75 ಮಿ.ಲೀ. ವಿನೆಗರ್, ಅಷ್ಟೇ ತಣ್ಣೀರಿನಲ್ಲಿ ರಾತ್ರಿ ನೆನೆಸಿ, ಉಪ್ಪು, ಚೂರು ಬೆಲ್ಲ ಹಾಕಿ ರುಬ್ಬಿ. ಬಿಸಿನೀರು ಹಾಕಿದರೆ ಘಾಟು ಸಾಯುತ್ತದೆ. ರುಬ್ಬಿದ ದಿನವೇ ತಿಂದರೆ ಕಹಿ.

ಬನ್ನನ್ನು ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ. ಮಳೆಗಾಲದಲ್ಲಿ ಸಂಜೆಗೆಲ್ಲ ಸಿಪ್ಪೆ ತೊಗಲಾಗುತ್ತದೆ. ನೀರು ಚಿಮುಕಿಸಿ 180 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟರೆ ಮತ್ತೆ ಗರಿಗರಿ.