ನೀರು ತಿಳಿಯಾಗಿದೆ, ಮೀನು ಮಾತ್ರ ಸಾಯ್ತಿದೆ!

ಮನೆಯ ಅಕ್ವೇರಿಯಂನಲ್ಲಿ ನಿನ್ನೆ ರಾತ್ರಿ ಆಹಾರಕ್ಕೆ ಎಲ್ಲರಿಗಿಂತ ಮುಂದೆ ನುಗ್ಗಿ ಬಂದ ಮೀನು ಬೆಳಿಗ್ಗೆ ಹೊಟ್ಟೆ ಮೇಲಾಗಿ ತೇಲುತ್ತಿದೆ. ನೀರು ಗಾಜಿನಷ್ಟು ತಿಳಿ. ಫಿಲ್ಟರ್ ಓಡುತ್ತಿದೆ. ಮೈಮೇಲೆ ಗಾಯವಿಲ್ಲ, ಚುಕ್ಕೆಯಿಲ್ಲ. ಎರಡು ದಿನ ಬಿಟ್ಟು ಇನ್ನೊಂದು ಹೋಗುತ್ತದೆ. ಆಗ ನಾವು ಮಾಡುವ ಮೊದಲ ಕೆಲಸ ಏನು ಹೇಳಿ? ಅಂಗಡಿಗೆ ಓಡಿ ಯಾವುದೋ ಔಷಧಿ ತಂದು ಸುರಿಯುವುದು. ಅದನ್ನು ಮಾಡಬೇಡಿ. ಬಹಳ ಸಲ ಕಾರಣ ರೋಗವಲ್ಲ, ನೀರು. ಕೆಲವು ಔಷಧಿಗಳಂತೂ ಫಿಲ್ಟರ್‌ನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾವನ್ನೇ ಕೊಂದು ಇದ್ದ ತೊಂದರೆಯನ್ನು ಜಾಸ್ತಿ ಮಾಡುತ್ತವೆ.

ಮೊದಲು ಸತ್ತ ಮೀನನ್ನು ಹೊರಗೆ ತೆಗೆಯಿರಿ. ಒಳಗೇ ಕೊಳೆತರೆ ನೀರು ಇನ್ನೂ ಕೆಡುತ್ತದೆ. ಎಸೆಯುವ ಮುಂಚೆ ಬೆಳಕಿನಲ್ಲಿ ಒಮ್ಮೆ ನೋಡಿ. ಹುರುಪೆಗಳು ನಿಗುರಿ ನಿಂತಿವೆಯಾ? ಬಾಯಿ ತೆರೆದು, ಕಿವಿರು ಅರಳಿದೆಯಾ? ಈಗಷ್ಟೇ ಸತ್ತಿದ್ದರೆ ಕಿವಿರಿನ ಬಣ್ಣವೂ ಸುಳಿವು ಕೊಡುತ್ತದೆ. ಚಾಕಲೇಟಿನಂಥ ಕಂದು ಬಣ್ಣವಿದ್ದರೆ ನೀರಿನಲ್ಲಿ ಸೇರುವ ನೈಟ್ರೈಟ್ ಎಂಬ ವಿಷದ ಮೇಲೆ ಅನುಮಾನಪಡಿ. ರಾತ್ರಿಯೆಲ್ಲ ನೀರಿನಲ್ಲೇ ಇದ್ದ ಮೀನಿನ ಕಿವಿರು ಬಿಳಚಿಕೊಂಡಿರುತ್ತದೆ, ಅದನ್ನು ನಂಬಬೇಡಿ. ಸತ್ತದ್ದಕ್ಕಿಂತ ಬದುಕಿರುವ ಮೀನುಗಳೇ ಹೆಚ್ಚು ಹೇಳುತ್ತವೆ. ಹತ್ತು ನಿಮಿಷ ಸುಮ್ನೆ ಟ್ಯಾಂಕ್ ಮುಂದೆ ಕೂತುಕೊಳ್ಳಿ.

ಆಮೇಲೆ ಸಾವುಗಳ ಲೆಕ್ಕ ಹಾಕಿ. ನನ್ನ ಪ್ರಕಾರ ಇಡೀ ಪತ್ತೇದಾರಿಯಲ್ಲಿ ಇದೇ ಮುಖ್ಯ. ಒಂದೇ ರಾತ್ರಿಯಲ್ಲಿ ಎಲ್ಲವೂ ಸತ್ತವೇ? ಹಾಗಿದ್ದರೆ ವಿಷ, ಆಮ್ಲಜನಕದ ಕೊರತೆ ಅಥವಾ ಕೆಟ್ಟುಹೋದ ಹೀಟರ್. ದಿನಕ್ಕೊಂದರಂತೆ ಹೋಗುತ್ತಿದ್ದರೆ ಅಮೋನಿಯಾ (ಮೀನಿನ ಕಸದಿಂದ ನೀರಿಗೆ ಸೇರುವ ವಿಷ), ಇಲ್ಲವೇ ರೋಗ. ಹಳೆಯವೆಲ್ಲ ಚೆನ್ನಾಗಿದ್ದು ಹೊಸದಾಗಿ ತಂದವು ಮಾತ್ರ ಸಾಯುತ್ತಿದ್ದರೆ ಕಥೆಯೇ ಬೇರೆ, ಅದಕ್ಕೆ ಮುಂದೆ ಬರುತ್ತೇನೆ. ಹಾಗೆಯೇ ಕಳೆದ ಒಂದು ವಾರದಲ್ಲಿ ಏನೇನು ಬದಲಾಯಿತು ಎಂದು ಮನೆಯವರನ್ನೆಲ್ಲ ಕೇಳಿ. ನೀರು ಬದಲಿಸಿದಿರಾ? ಕರೆಂಟ್ ಹೋಗಿತ್ತಾ? ಪಾಪ ಹಸಿದಿದೆ ಅಂತ ಮಗು ಒಂದು ಹಿಡಿ ಆಹಾರ ಹಾಕಿತಾ?

ಈಗ ನೀರಿನ ಪರೀಕ್ಷೆ. ಕಣ್ಣಿಗೆ ತಿಳಿಯಾಗಿ ಕಾಣುವ ನೀರಿನಲ್ಲೇ ಮೀನು ಕೊಲ್ಲುವಷ್ಟು ಅಮೋನಿಯಾ ಇರಬಹುದು. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ತನ್ನಿ, ಅದು ನೀರಿನಲ್ಲಿ ಅದ್ದಿ ನೋಡುವ ಕಾಗದದ ಪಟ್ಟಿಗಳಿಗಿಂತ ವಾಸಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಇರಬೇಕು. ನೈಟ್ರೇಟ್ 40 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 40 ಭಾಗ) ಒಳಗಿರಲಿ, 20ರ ಒಳಗಿದ್ದರೆ ಇನ್ನೂ ಒಳ್ಳೆಯದು. ಪಿಎಚ್ (ನೀರು ಎಷ್ಟು ಆಮ್ಲೀಯ ಎಂದು ಹೇಳುವ ಅಂಕಿ, 7ಕ್ಕಿಂತ ಕೆಳಗಿದ್ದರೆ ಆಮ್ಲೀಯ) ಕೂಡ ಬರೆದುಕೊಳ್ಳಿ. ಅಮೋನಿಯಾದ ವಿಷ ಪಿಎಚ್ ಏರಿದಷ್ಟೂ ಏರುತ್ತದೆ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಶೇ 1ಕ್ಕಿಂತ ಕಡಿಮೆ ಭಾಗ ಮಾತ್ರ ವಿಷದ ರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದು ಸುಮಾರು ಶೇ 5. ಒಂದೇ ರೀಡಿಂಗ್ ಒಬ್ಬರ ಟ್ಯಾಂಕಿನಲ್ಲಿ ನಡೆದುಹೋಗಿ, ಇನ್ನೊಬ್ಬರ ಟ್ಯಾಂಕಿನಲ್ಲಿ ಮೀನು ಸಾಯುವುದು ಇದಕ್ಕೇ.

ಅಮೋನಿಯಾ ಬರುವುದು ಮೀನಿನ ಉಸಿರು, ಹಿಕ್ಕೆ ಮತ್ತು ತಿನ್ನದೆ ಉಳಿದ ಆಹಾರದಿಂದ. ಅದನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರ್ ಸ್ಪಾಂಜಿನಲ್ಲಿ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಟ್ಯಾಂಕ್ ಇಟ್ಟ ಮೊದಲ ವಾರವೇ ಹತ್ತು ಮೀನು ಬಿಟ್ಟರೆ ಏನಾಗುತ್ತದೆ, ನೀವೇ ಯೋಚಿಸಿ. ಹಳೆಯ ಟ್ಯಾಂಕಿನವರೂ ನಿಶ್ಚಿಂತೆಯಿಂದ ಇರುವಂತಿಲ್ಲ. ನಾನೇ ಒಮ್ಮೆ ಶುಚಿ ಜಾಸ್ತಿಯಾಗಿ ಸ್ಪಾಂಜನ್ನು ನಲ್ಲಿ ಕೆಳಗೆ ಬೆಳ್ಳಗಾಗುವ ತನಕ ತಿಕ್ಕಿ ತೊಳೆದಿದ್ದೆ. ನಲ್ಲಿ ನೀರಿನ ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸತ್ತವು. ನಾಲ್ಕನೇ ದಿನದಿಂದ ಮೀನುಗಳೂ ಅದೇ ದಾರಿ ಹಿಡಿದವು. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಸ್ಪಾಂಜನ್ನು ಎರಡು ಸಲ ಹಿಂಡಿದರೆ ಸಾಕಿತ್ತು.

ಅಮೋನಿಯಾ ಅಥವಾ ನೈಟ್ರೈಟ್ ಕಂಡರೆ ಅಂದೇ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ನೀರು ಬದಲಿಸಿ. ಹೊಸ ನೀರು ಟ್ಯಾಂಕಿನಷ್ಟೇ ಬೆಚ್ಚಗಿರಲಿ, ಕ್ಲೋರಿನ್ ತೆಗೆಯುವ ದ್ರಾವಣ ಹಾಕಿರಲಿ. ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ನಿಜ. ಆದರೆ ಕೆಲವು ಕಡೆ ನಲ್ಲಿ ನೀರಿಗೆ ಕ್ಲೋರಿನ್ ಬದಲು ಹಾಕುವ ಕ್ಲೋರಮೈನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಎರಡು ದಿನ ಆಹಾರ ನಿಲ್ಲಿಸಿ. ಆರೋಗ್ಯವಾಗಿರುವ ದೊಡ್ಡ ಮೀನು ಅಷ್ಟಕ್ಕೆ ಸಾಯುವುದಿಲ್ಲ.

ಇಲ್ಲೊಂದು ಎಚ್ಚರಿಕೆ ಇದೆ. ತಿಂಗಳುಗಟ್ಟಲೆ ನೀರು ಬದಲಿಸದ ಟ್ಯಾಂಕಿನಲ್ಲಿ ಪಿಎಚ್ ನಿಧಾನವಾಗಿ 6ರ ಹತ್ತಿರಕ್ಕೋ ಇನ್ನೂ ಕೆಳಗೋ ಇಳಿದಿರುತ್ತದೆ. ಹಳೆಯ ಮೀನುಗಳು ಹೇಗೋ ಹೊಂದಿಕೊಂಡಿರುತ್ತವೆ, ಹೊಸದಾಗಿ ಬಂದವು ಸಾಯುತ್ತವೆ. 'ಅಂಗಡಿಯ ಮೀನೇ ಸರಿಯಿಲ್ಲ' ಎಂದು ನಾವು ಬೈದುಕೊಳ್ಳುತ್ತೇವೆ. ಗಾಬರಿಯಿಂದ ಅರ್ಧ ಟ್ಯಾಂಕ್ ನೀರು ಬದಲಿಸಿದರೆ ಪಿಎಚ್ ಒಮ್ಮೆಲೆ ಏರಿ, ಇದ್ದ ಅಮೋನಿಯಾ ವಿಷದ ರೂಪಕ್ಕೆ ತಿರುಗಿ, ಹಳೆಯವೂ ಹೋಗುತ್ತವೆ. ಇಂಥ ಟ್ಯಾಂಕಿನಲ್ಲಿ ದಿನಕ್ಕೆ ಶೇ 10ರಷ್ಟು ಮಾತ್ರ ಬದಲಿಸಿ. ಪರೀಕ್ಷೆ ಮೊದಲು, ಬಕೆಟ್ ಆಮೇಲೆ ಎನ್ನುವುದು ಇದಕ್ಕೇ.

ರೀಡಿಂಗ್ ಎಲ್ಲ ಸರಿ ಇದೆಯಾ? ಹಾಗಾದರೆ ಗಾಳಿ ನೋಡಿ. ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಆಮ್ಲಜನಕ ಸಾಲುತ್ತಿಲ್ಲ (ಅಮೋನಿಯಾ, ನೈಟ್ರೈಟ್ ಇದ್ದಾಗಲೂ ಹೀಗೇ ಮಾಡುತ್ತವೆ, ಅದಕ್ಕೇ ಪರೀಕ್ಷೆ ಮೊದಲು). ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಗಿಡಗಳು ತುಂಬಿದ ಟ್ಯಾಂಕಿನಲ್ಲಿ ನಸುಕಿನ ಹೊತ್ತು ಅದು ತೀರಾ ಕೆಳಗಿರುತ್ತದೆ, ಯಾಕೆಂದರೆ ಕತ್ತಲಲ್ಲಿ ಗಿಡಗಳೂ ಆಮ್ಲಜನಕ ಬಳಸುತ್ತವೆ. ಸಾಮಾನ್ಯವಾಗಿ ದೊಡ್ಡ ಮೀನುಗಳು ಮೊದಲು ಸತ್ತು ಚಿಕ್ಕವು ಉಳಿದಿದ್ದರೆ ಇದೇ ಕಾರಣವಿರಬಹುದು. ಏರ್ ಪಂಪ್ ಹಾಕಿ, ಅಥವಾ ಫಿಲ್ಟರ್ ನೀರು ಮೇಲಿನಿಂದ ಬಿದ್ದು ಅಲೆ ಏಳುವಂತೆ ತಿರುಗಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಅಂಟಿಸಿ. ಹೆಚ್ಚಿನ ಉಷ್ಣವಲಯದ ಮೀನುಗಳಿಗೆ 24ರಿಂದ 27 ಡಿಗ್ರಿ ಸಾಕು. ಗೋಲ್ಡ್ ಫಿಷ್‌ಗೆ ಅದಕ್ಕಿಂತ ತಂಪು ಬೇಕು.

ವಿಷದ ಮಾತು. ಸೊಳ್ಳೆ, ಜಿರಳೆಗೆ ಹೊಡೆಯುವ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಮನುಷ್ಯರಿಗೆ ಅಷ್ಟಾಗಿ ತಟ್ಟದಿದ್ದರೂ ಮೀನಿಗೆ ಯಮ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ, ಅಲ್ವಾ? ನೆಲ ಒರೆಸುವ ಬಕೆಟನ್ನೇ ಟ್ಯಾಂಕಿಗೂ ಬಳಸುವುದು, ಸೋಪಿನ ಕೈ ಅದ್ದುವುದು ಕೂಡ ಇದೇ ಸಾಲಿಗೆ ಸೇರುತ್ತವೆ. ಅನುಮಾನ ಬಂದರೆ ನೀರು ಬದಲಿಸಿ, ಫಿಲ್ಟರ್‌ಗೆ ಆಕ್ಟಿವೇಟೆಡ್ ಕಾರ್ಬನ್ (ವಿಷ ಹೀರಿಕೊಳ್ಳುವ ಇದ್ದಿಲು) ಹಾಕಿ.

ಇಷ್ಟೆಲ್ಲ ನೋಡಿದ ಮೇಲೂ ಸಾವು ನಿಲ್ಲದಿದ್ದರೆ ಆಗ ರೋಗದ ಕಡೆ ತಿರುಗಿ. ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ, ಕಲ್ಲಿಗೆ ಮೈ ಉಜ್ಜುವುದು, ಮುದುಡಿದ ರೆಕ್ಕೆ ಕಂಡರೆ ಫೋಟೊ ತೆಗೆದುಕೊಂಡು ತಿಳಿದವರಿಗೆ ತೋರಿಸಿ, ಆ ರೋಗದ ಔಷಧಿ ಮಾತ್ರ ಹಾಕಿ. ಔಷಧಿ ಹಾಕುವಾಗ ಕಾರ್ಬನ್ ತೆಗೆದಿಡಿ, ಇಲ್ಲದಿದ್ದರೆ ಅದು ಔಷಧಿಯನ್ನೇ ಹೀರಿಕೊಳ್ಳುತ್ತದೆ. ಅಷ್ಟರವರೆಗೆ ಹೊಸ ಮೀನು ತರಬೇಡಿ. ಕೊನೆಯ ಸಾವಾಗಿ ನಾಲ್ಕು ವಾರ ಕಳೆದು, ಅಮೋನಿಯಾ ಸೊನ್ನೆಯಲ್ಲೇ ನಿಂತಿದ್ದರೆ ಎರಡು ಮೀನು ತನ್ನಿ. ಅವನ್ನೂ ಮೊದಲ ಎರಡು ವಾರ ಬೇರೆ ತೊಟ್ಟಿಯಲ್ಲಿಡಿ.