ಕುಮಟೆಯ ಮನೆ ಮಾರಿದ್ದು ಜಡಿಮಳೆಯಲ್ಲಿ

ಅಪ್ಪ 1988ರಲ್ಲಿ ಕೊಂಡ ಹಂಚಿನ ಮನೆ. ಅಮ್ಮ ಹೋದ ಮೇಲೆ ಎರಡು ವರ್ಷ ಬೀಗ ಬಿದ್ದಿತ್ತು. ಮಾರೋಣ ಅಂತ ತೀರ್ಮಾನವಾದಾಗ ನಾನು ಹುಬ್ಬಳ್ಳಿಯಿಂದ ಬಂದು ಮೊದಲು ಮಾಡಿದ ಕೆಲಸ, ಗೋಡೆಗೆಲ್ಲ ಪೇಂಟು ಹೊಡೆಸಿದ್ದು. ದೀಪಾವಳಿ ಕಳೆದಿತ್ತು, ಮನೆ ಮದುಮಗಳಂತೆ ಕಂಡಿತು. ನೋಡಲು ಬಂದ ಇಬ್ಬರೂ ಗೋಡೆಗೆ ಅಂಗೈ ಒತ್ತಿ ಸುಮ್ಮನೆ ಹೋದರು. ಕರಾವಳಿಯವರಿಗೆ ಹೊಸ ಬಣ್ಣ ಕಂಡರೆ ಅನುಮಾನವೇ ಜಾಸ್ತಿ. ಅವರ ಅನುಮಾನ ಸರಿಯಾಗಿಯೇ ಇತ್ತು: ಮುಂದಿನ ಜೂನ್‌ನಲ್ಲಿ ಬಣ್ಣ ಹಪ್ಪಳದಂತೆ ಎದ್ದು ಬಂತು.

ಕಾರಣ ಹುಡುಕಿದ್ದು ಊರಿನ ಹಳೇ ಗಾರೆ ಕೆಲಸದವರು. ಅಂಗಳದ ಮಣ್ಣು ವರ್ಷವರ್ಷ ಏರಿ ಪಂಚಾಂಗದ, ಅಂದರೆ ಗೋಡೆಯ ತಳಪಾಯದ, ಕಲ್ಲನ್ನೇ ಮುಚ್ಚಿತ್ತು. ಸೂರಿನ ನೀರು ಅಲ್ಲೇ ಬಿದ್ದು ಗೋಡೆಯ ಚಿರೆಕಲ್ಲು ಅದನ್ನು ಮೇಲಕ್ಕೆ ಹೀರುತ್ತಿತ್ತು. ಎರಡನೇ ಬೇಸಿಗೆಯಲ್ಲಿ ಗೋಡೆಯ ಸುತ್ತ ಮಣ್ಣು ತೆಗೆಸಿ, ನೀರು ದೂರ ಹೋಗುವಂತೆ ಚರಂಡಿ ಮಾಡಿಸಿದೆ. ಹಂಚು ಇಳಿಸಿದಾಗ ಹಂಚು ಹೊರುವ ಮೂರು ಪಕಾಸಿಗಳನ್ನು (ಮರದ ಪಟ್ಟಿ) ವರಲೆ, ಅಂದರೆ ಗೆದ್ದಲು, ಒಳಗಿನಿಂದ ಖಾಲಿ ಮಾಡಿದ್ದು ಕಂಡಿತು. ಅವನ್ನು ಬದಲಿಸಿ, ಒಡೆದ ಹಂಚು ತೆಗೆದು ಬೇರೆ ಹಾಕಿಸಿದೆ. ಪೇಂಟಿಗೆ ಸುರಿದ ದುಡ್ಡನ್ನು ಮೊದಲೇ ಇದಕ್ಕೆ ಹಾಕಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ಗೋಡೆಗೆ ಸುಣ್ಣ ಮಾತ್ರ ಬಳಿಸಿದೆ.

ಮತ್ತೆ ಗಿರಾಕಿ ಕರೆದದ್ದು 2024ರ ಜುಲೈನಲ್ಲಿ. ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ಬಂದಾಗಿದ್ದ ದಿನಗಳು. ಏಜೆಂಟರು ‘ಚೌತಿ ಮುಗೀಲಿ ಮಾರಾಯ್ರೆ, ಈ ಮಳೇಲಿ ಯಾರು ಬರ್ತಾರೆ’ ಅಂದರು. ನನಗೆ ಮಳೆಯೇ ಬೇಕಿತ್ತು. ಪೇಟೆಯಿಂದಲೇ ಒಬ್ಬರು ಅಕ್ಕೋರು (ಶಾಲೆಯ ಟೀಚರು) ಗಂಡನ ಜೊತೆ ಛತ್ರಿ ಹಿಡಿದು ಬಂದರು. ಅಟ್ಟ ಹತ್ತಿ ಟಾರ್ಚು ಬಿಟ್ಟು ನೋಡಿದರು. ಬಚ್ಚಲ ಮೂಲೆಯಲ್ಲಿ ಇನ್ನೂ ಹನಿ ಬೀಳುವುದನ್ನು ನಾನೇ ತೋರಿಸಿದೆ. ‘ಬಾವಿ ನೀರು ಮೇ ತಿಂಗಳಿಗೂ ಇರ್ತದಾ?’ ಅಂತ ಕೇಳಿದರು. ಮೇ ಕೊನೆಯಲ್ಲಿ ತೆಗೆದಿದ್ದ ಬಾವಿಯ ಫೋಟೋ ಫೋನಿನಲ್ಲಿತ್ತು, ತೋರಿಸಿದೆ. ಚೌಕಾಸಿ ಆದದ್ದು ಬಚ್ಚಲ ಸೋರಿಕೆಯಷ್ಟರ ಮೇಲೆ ಮಾತ್ರ.

ಕಾಗದಪತ್ರದ ಕಥೆ ಬೇರೆ. ಪಂಚಾಯಿತಿಯ ಆಸ್ತಿ ದಾಖಲೆ, ಇ-ಸ್ವತ್ತಿನ ಫಾರಂ 9, 11, ಇನ್ನೂ ಅಪ್ಪನ ಹೆಸರಿನಲ್ಲಿತ್ತು. ಮನೆ ತೆರಿಗೆ ಕಟ್ಟುತ್ತ ಬಂದಿದ್ದೇವಲ್ಲ ಅಂತ ನಾನು ಧೈರ್ಯವಾಗಿದ್ದೆ, ಆದರೆ ವಾರಸಾ ಮಾಡಿಸದೆ, ಅಂದರೆ ದಾಖಲೆ ವಾರಸುದಾರರಾದ ನಮ್ಮ ಹೆಸರಿಗೆ ಬಾರದೆ, ಮುಂದೆ ಹೋಗುವಂತಿರಲಿಲ್ಲ. ಮೂವತ್ತು ವರ್ಷದ ಇಸಿ (ಋಣಭಾರ ಪತ್ರ) ತೆಗೆಸಿದಾಗ ಇನ್ನೊಂದು ಹೊರಬಿತ್ತು: ಅಪ್ಪ ಸೊಸೈಟಿಯಲ್ಲಿ ಮಾಡಿದ್ದ ಸಾಲದ ಬೋಜಾ, ಅಂದರೆ ಆಸ್ತಿಯ ಮೇಲೆ ದಾಖಲಾದ ಹೊರೆ. ಸಾಲ ಎಂದೋ ತೀರಿತ್ತು, ಬೋಜಾ ಇಳಿಸಿರಲಿಲ್ಲ. ಸಾಲ ತೀರಿದ ಪತ್ರಕ್ಕಾಗಿ ಹಳೇ ಲೆಡ್ಜರು ಹುಡುಕಿಸುವುದರಲ್ಲೇ ಎರಡು ತಿಂಗಳು ಹೋಯಿತು. ಅದೃಷ್ಟಕ್ಕೆ ಈ ಓಡಾಟ ಬೇಸಿಗೆಯಲ್ಲೇ ಮುಗಿದಿತ್ತು. ಗಿರಾಕಿ ಎದುರಿಗೆ ಕುಳಿತಿರುವಾಗ ಇಸಿಯಲ್ಲಿ ಸಾಲ ಕಂಡರೆ ಬೆಲೆ ಅಲ್ಲೇ ಕುಸಿಯುತ್ತದೆ.

ಇಬ್ಬರು ಅಕ್ಕಂದಿರಿಗೂ ನನ್ನಷ್ಟೇ ಹಕ್ಕು, ಅವರ ಸಹಿಯಿಲ್ಲದೆ ಕ್ರಯಪತ್ರ ನಿಲ್ಲುವುದಿಲ್ಲ. ಮುಂಬೈಯ ಅಕ್ಕ ಹೇಗೂ ಚೌತಿಗೆ ಬರುವವಳು. ಅದಕ್ಕೇ ನೋಂದಣಿಯ ದಿನವನ್ನು ಹಬ್ಬದ ವಾರಕ್ಕೇ ಹಿಡಿದೆವು.

ಹಣದ ಬಗ್ಗೆ ಎರಡೇ ಮಾತು. ಇಪ್ಪತ್ತು ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನದನ್ನು ನಗದಾಗಿ ಪಡೆಯಬೇಡಿ, ಪಡೆದಷ್ಟೇ ದಂಡ ಬೀಳಬಹುದು. ಆಸ್ತಿ 2001ಕ್ಕೆ ಮೊದಲಿನದಾದರೆ ಲಾಭದ ಲೆಕ್ಕಕ್ಕೆ ಬೇಕಾಗುವ 1-4-2001ರ ಮೌಲ್ಯವನ್ನು ವ್ಯಾಲ್ಯುಯರ್‌ ಹತ್ತಿರ ಬರೆಸಿಟ್ಟುಕೊಳ್ಳಿ. ಲಾಭದ ಮೇಲಿನ ತೆರಿಗೆ ಇಂಡೆಕ್ಸೇಶನ್ (ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿ ಲೆಕ್ಕ ಹಾಕುವುದು) ಇಲ್ಲದೆ 12.5%, ಇದ್ದರೆ 20%. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಗೆ ಯಾವುದು ಕಡಿಮೆಯೋ ಅದು. ನಮಗೆ ಯಾವುದು ಕಡಿಮೆ ಅಂತ ಆಡಿಟರೇ ಲೆಕ್ಕ ಹಾಕಿ ಹೇಳಿದರು. ಕೊಳ್ಳುವವರ ಖರ್ಚೂ ನಿಮಗೆ ಗೊತ್ತಿರಲಿ: 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1%ನಿಂದ 2%ಗೆ ಏರಿದೆ, ಚೌಕಾಸಿಯಲ್ಲಿ ಆ ಮಾತು ಬಂದೇ ಬರುತ್ತದೆ.

ಒಂದನ್ನು ಮರೆತಿದ್ದೆ. ಮನೆಯ ಜೊತೆ ಏನೇನು ಬಿಟ್ಟುಕೊಡುತ್ತೇವೆ ಅಂತ ಕರಾರಿನಲ್ಲಿ ಬರೆದಿರಲಿಲ್ಲ. ಪಂಪು, ಫ್ಯಾನು ಸರಿ. ಬಚ್ಚಲ ತಾಮ್ರದ ಹಂಡೆಯೂ ತಮ್ಮದೇ ಅಂತ ಅಕ್ಕೋರು ತಿಳಿದಿದ್ದರು, ಅಕ್ಕ ಅದನ್ನು ಆಗಲೇ ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದಳು. ಕೊನೆಗೆ ಅವರಿಗೊಂದು ಹೊಸ ಹಂಡೆ ಕೊಡಿಸಿದೆ. ಹಳೆಯದರಲ್ಲಿ ಈಗ ಮುಂಬೈಯ ಬಾಲ್ಕನಿಯಲ್ಲಿ ಕರಿಬೇವು ಬೆಳೆಯುತ್ತಿದೆ.